ಕುಶಲಕರ್ಮಿಯ ಮಾತು ಎಲ್ಲಿ?



ಇಂಗ್ಲೆಂಡಿನ ಯಾರ್ಕ್ ಮಿನ್‌ಸ್ಟರ್ ಚರ್ಚಿನ ಪೂರ್ವದ ಬಣ್ಣಗಾಜಿನ ಮಹಾಕಿಟಕಿ ಕುರಿತ ನಿಮ್ಮ ಲೇಖನ ಸೊಗಸಾಗಿತ್ತು. ಆದರೆ ಬಣ್ಣದ ಬೆಡಗಿನಲ್ಲಿ ಕೆಲಸಗಾರನೇ ಮರೆಯಾದ. 1405ರ ಕರಾರಿನಂತೆ ಅದನ್ನು ರಚಿಸಿದ ಜಾನ್ ಥಾರ್ನ್‌ಟನ್‌ಗೆ ಸಿಕ್ಕಿದ್ದು ಮೂರೇ ವರ್ಷ. ಸಂಭಾವನೆ ಒಟ್ಟು 56 ಪೌಂಡ್. ಟೆನಿಸ್ ಅಂಕಣದಷ್ಟು ದೊಡ್ಡ ಕಿಟಕಿಗೆ!

ಈ ಕಸುಬಿನ ಕ್ರಮ ಇಂದಿಗೂ ಹೆಚ್ಚು ಬದಲಾಗಿಲ್ಲ. ಗಾಜು ಕತ್ತರಿಸಿ, ಕಣ್ಣು ಮೂಗಿನ ಗೆರೆ ಬರೆದು, ಕುಲುಮೆಯಲ್ಲಿ ಸುಟ್ಟು, ಸೀಸದ ಪಟ್ಟಿಗೆ ಕೂರಿಸಿ ಬೆಸೆಯಬೇಕು. ಗಾಜಿನ ಬೆನ್ನಿಗೆ ಬೆಳ್ಳಿಯ ಲವಣ ಹಚ್ಚಿ ಸುಟ್ಟರೆ ಹೊಂಬಣ್ಣ ಬರುತ್ತದೆ; ಕಾವು ಮಿತಿಮೀರಿದರೆ ಕೆಟ್ಟಿತು. ಸೀಸವೋ ವಿಷ, ಕೈ ತೊಳೆಯದೆ ತುತ್ತು ಎತ್ತುವಂತಿಲ್ಲ.

ಮೈಸೂರು ಅರಮನೆಯ ಕಲ್ಯಾಣ ಮಂಟಪದ ನವಿಲುಗಳ ಗಾಜಿನ ಸೂರನ್ನು ನೋಡಿಕೊಳ್ಳುವವರ ಬಗ್ಗೆಯೂ ಬರೆಸಿ. ಫೋಟೊ ಕಡಿಮೆಯಾದರೂ ಚಿಂತೆಯಿಲ್ಲ.

– ಓದುಗ, ಮೈಸೂರು