ಮನೆಯ ಚರಿತ್ರೆಯನ್ನು ಯಾವುದರಲ್ಲಿ ಬರೆಯೋಣ?

ಕಳೆದ ತಿಂಗಳ ಒಂದು ಸಂಜೆ ನಮ್ಮ ನೆರೆಯ ಮಾಸ್ತರರು ಕಂಕುಳಲ್ಲಿ ಒಂದು ಟ್ಯಾಬ್ಲೆಟ್ಟನ್ನು ಇರಿಸಿಕೊಂಡು ನಮ್ಮ ಜಗಲಿಗೆ ಬಂದರು. ದೂರದ ಊರಿನಲ್ಲಿರುವ ಮಗಳು ಕಳುಹಿಸಿಕೊಟ್ಟುದಂತೆ. ತಮ್ಮ ತರವಾಡು ಮನೆಯ ಚರಿತ್ರೆಯನ್ನು ಮೊಮ್ಮಕ್ಕಳಿಗಾಗಿ ಬರೆದಿಡಬೇಕೆಂಬುದು ಅವರ ಬಹುಕಾಲದ ಬಯಕೆ. “ಬರೆಯುವುದಕ್ಕೆಂದೇ ಇದರಲ್ಲಿ ಹತ್ತಾರು ಆ್ಯಪುಗಳಿವೆಯಂತೆ. ಅಕ್ಷರ ಚಂದ ಕಾಣುವಂಥದ್ದು ಯಾವುದು, ಹೇಳಿ” ಎಂದರು.

ಅಕ್ಷರ ಚಂದ ಕಾಣಬೇಕಾದುದು ನಿಜ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆ ಆ್ಯಪು ಇಲ್ಲವಾದ ದಿನ ನಮ್ಮ ಬರಹ ಉಳಿಯುವುದೇ? ಈ ಪಾಠವನ್ನು ನಾನು ಕಳೆದುಕೊಂಡು ಕಲಿತೆ.

2003ರಲ್ಲಿ ನನ್ನ ತಾಯಿಯವರು ಹೇಳುತ್ತಿದ್ದ ಶೋಭಾನೆ ಹಾಡುಗಳನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದೆ. ಅಂದಿನ ಪದ್ಧತಿಯಲ್ಲಿ ಕನ್ನಡದ ಆಕೃತಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತಿದ್ದುವು. ಫಾಂಟ್ ಎಂಬ ವೇಷವಿದ್ದಷ್ಟು ಹೊತ್ತು ಅವು ಕನ್ನಡವಾಗಿ ಕಾಣುತ್ತಿದ್ದುವು. ವೇಷ ಕಳಚಿದೊಡನೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಉಳಿಯುತ್ತಿದ್ದುವು. ಹದಿನೈದು ವರ್ಷಗಳ ಬಳಿಕ ಹೊಸ ಕಂಪ್ಯೂಟರಿನಲ್ಲಿ ಆ ಫೈಲನ್ನು ತೆರೆದಾಗ ನನಗೆ ದೊರೆತುದು ಅದೇ. ಪರಿವರ್ತಕ ತಂತ್ರಾಂಶವೊಂದರ ನೆರವಿನಿಂದ ಬಹುಭಾಗವನ್ನು ಮರಳಿ ಪಡೆದೆನಾದರೂ ಹಲವೆಡೆ ಒತ್ತಕ್ಷರಗಳು ಕೆಟ್ಟುಹೋಗಿದ್ದುವು. ಸರಿಯಾದ ಪದ ಯಾವುದೆಂದು ಕೇಳೋಣವೆಂದರೆ ಹೇಳಬಲ್ಲ ತಾಯಿಯವರು ಇರಲಿಲ್ಲ.

ಇಂದು ಅಂತಹ ಆತಂಕ ಬಹಳ ಮಟ್ಟಿಗೆ ಕಡಿಮೆಯಾಗಿದೆ. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನ ನೀಡುವ ಯೂನಿಕೋಡ್ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ತನ್ನದೇ ಆದ ಮನೆ ಇದೆ. ಅಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳು ಮುಗಿದೊಡನೆ ಆರಂಭವಾಗುವುದು ಮಲಯಾಳದ ಸ್ಥಾನಗಳು! ಕಾಸರಗೋಡಿನವರಾದ ನಮಗೆ ಈ ನೆರೆಹೊರೆ ಹೊಸತೇನಲ್ಲ. ಒಂದೇ ಫೈಲಿನಲ್ಲಿ, ಒಂದೇ ಸಾಲಿನಲ್ಲಿ, ಎರಡು ಲಿಪಿಗಳನ್ನೂ ನಿಶ್ಚಿಂತೆಯಿಂದ ಬರೆಯಬಹುದು. 2024ರ ಸೆಪ್ಟೆಂಬರಿನಲ್ಲಿ ಬಂದ ಹದಿನಾರನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೂ ಎಡೆ ದೊರೆತಿದೆ.

ಹೀಗೆ ಯೂನಿಕೋಡಿನಲ್ಲಿ, ಯಾವ ಆಡಂಬರವೂ ಇಲ್ಲದೆ ಬರೆದ ಫೈಲನ್ನು ಪ್ಲೇನ್ ಟೆಕ್ಸ್ಟ್ ಎನ್ನುತ್ತಾರೆ, ಸಾದಾ ಬರಹವೆನ್ನೋಣ. ಅದನ್ನು ಯಾವ ಯಂತ್ರವೂ ತೆರೆಯಬಲ್ಲುದು. ಹಾಗಾದರೆ ತಲೆಬರಹ, ದಪ್ಪಕ್ಷರಗಳನ್ನು ಸೂಚಿಸುವುದು ಹೇಗೆ? ಇದಕ್ಕಾಗಿ ಅಮೆರಿಕದ ಜಾನ್ ಗ್ರೂಬರ್ ಎಂಬವರು 2004ರಲ್ಲಿ ಮಾರ್ಕ್‌ಡೌನ್ ಎಂಬ ಸಂಕೇತಕ್ರಮವನ್ನು ಪ್ರಕಟಿಸಿದರು. ಸಾಲಿನ ಆರಂಭದಲ್ಲಿ # ಚಿಹ್ನೆ ಹಾಕಿದರೆ ಅದು ತಲೆಬರಹ; ಪದದ ಎರಡೂ ಬದಿಗೆ ಎರಡೆರಡು ನಕ್ಷತ್ರ ಚಿಹ್ನೆ ಹಾಕಿದರೆ ಅದು ದಪ್ಪಕ್ಷರ. ಸಂಕೇತಗಳನ್ನರಿಯದ ಯಂತ್ರದಲ್ಲಿ ತೆರೆದರೂ ಓದಿಗೆ ತೊಡಕಿಲ್ಲ.

ಆದರೆ ಮೂಲ ಮಾರ್ಕ್‌ಡೌನಿನಲ್ಲಿ ಅಡಿಟಿಪ್ಪಣಿ ಮತ್ತು ಕೋಷ್ಟಕಗಳಿಗೆ ಸಂಕೇತಗಳಿರಲಿಲ್ಲ. ಫ್ಲೆಚರ್ ಪೆನ್ನಿ ಎಂಬವರ ಮಲ್ಟಿಮಾರ್ಕ್‌ಡೌನ್ ಮೊದಲಾದ ವಿಸ್ತೃತ ರೂಪಗಳು ಆ ಕೊರತೆಯನ್ನು ತುಂಬಿದುವು. ಮನೆಯ ಚರಿತ್ರೆ ಬರೆಯುವ ಗಡಿನಾಡಿನವರಿಗೆ ಬೇಕಾದುದು ಈ ವಿಸ್ತೃತ ರೂಪವೇ. ಏಕೆಂಬುದಕ್ಕೆ ಮಾಸ್ತರರ ಬರಹದಿಂದಲೇ ಒಂದು ನಿದರ್ಶನ ಕೊಡುತ್ತೇನೆ. “ಅಜ್ಜನವರು ಈ ಜಾಗವನ್ನು ಮೂಲಗೇಣಿಗೆ ಪಡೆದರು” ಎಂದು ಅವರು ಬರೆದಿದ್ದಾರೆ. ಕೇರಳದ ಭೂಸುಧಾರಣೆಯಿಂದ 1970ರಲ್ಲಿ ಗೇಣಿಪದ್ಧತಿಯೇ ಕೊನೆಗೊಂಡಿತಾಗಿ ಮೊಮ್ಮಕ್ಕಳಿಗೆ ಈ ಪದದ ಅರ್ಥ ತಿಳಿಯದು. ವಾಕ್ಯದ ಕೊನೆಗೆ [^1] ಎಂದು ಗುರುತು ಹಾಕಿ, ಕೆಳಗೆ ಬೇರೊಂದು ಸಾಲಿನಲ್ಲಿ [^1]: ಎಂದು ಆರಂಭಿಸಿ, “ಮೂಲಗೇಣಿಯೆಂದರೆ ಶಾಶ್ವತವಾದ ಗೇಣಿಯ ಹಕ್ಕು” ಎಂದು ಬರೆದರಾಯಿತು. ನಡುವೆ ಹೊಸ ಟಿಪ್ಪಣಿ ಸೇರಿಸಿದರೆ ಓದುವ ಪ್ರತಿಯಲ್ಲಿ ಕ್ರಮಸಂಖ್ಯೆಗಳು ತಾವಾಗಿಯೇ ಸರಿಹೊಂದುತ್ತವೆ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದ ಬಳಿಕ ಮಲಯಾಳದಲ್ಲಿ ಬರೆದ ಆಧಾರಪತ್ರಗಳ ಮೂಲವಾಕ್ಯವನ್ನೂ ಹೀಗೆಯೇ ಅಡಿಯಲ್ಲಿ ಕೊಡಬಹುದು. ಹುಟ್ಟು, ಮದುವೆ, ಮರಣಗಳ ವರ್ಷಗಳಿಗೆ ಕೋಷ್ಟಕವಿದೆ.

ಇನ್ನು ಆ್ಯಪಿನ ಆಯ್ಕೆ. ಹಾಕಿಕೊಂಡ ದಿನವೇ, ಹತ್ತು ಸಾಲು ಬರೆಯುವ ಮೊದಲೇ, ನಾಲ್ಕು ಪರೀಕ್ಷೆಗಳನ್ನು ಮಾಡಿರಿ.

ಮೊದಲನೆಯದು ಒತ್ತಕ್ಷರದ ಪರೀಕ್ಷೆ. ‘ಸ್ತ್ರೀ’, ‘ವೈಶಿಷ್ಟ್ಯ’, ‘ಅರ್ಘ್ಯ’ ಎಂಬ ಪದಗಳನ್ನು ಬರೆಯಿರಿ; ನಡುವಿನ ಒಂದಕ್ಷರವನ್ನು ಅಳಿಸಿ ಮತ್ತೆ ಬರೆಯಿರಿ. ಅಕ್ಷರಗಳು ಒಡೆಯಬಾರದು, ಹುಡುಕಿದರೆ ಆ ಪದಗಳು ಸಿಗಬೇಕು. ಎರಡನೆಯದಾಗಿ, ಒಂದು ಅಡಿಟಿಪ್ಪಣಿಯನ್ನೂ ಒಂದು ಪುಟ್ಟ ಕೋಷ್ಟಕವನ್ನೂ ಬರೆದು ಓದುವ ನೋಟದಲ್ಲಿ ಸರಿಯಾಗಿ ಮೂಡುವುವೇ ಎಂದು ನೋಡಿರಿ. ಮೂರನೆಯದು, ಇಂಟರ್ನೆಟ್ ಸಂಪರ್ಕವನ್ನು ಕಡಿದು ಬರೆಯಿರಿ. ಮಳೆಗಾಲದ ನಮ್ಮ ಹಳ್ಳಿಗಳಲ್ಲಿ ಈ ಪರೀಕ್ಷೆಯನ್ನು ಪ್ರಕೃತಿಯೇ ಮಾಡಿಸೀತು. ನಾಲ್ಕನೆಯದೇ ಮುಖ್ಯವಾದುದು: ಫೈಲಿನ ಪ್ರತಿಯನ್ನು ಹೊರತೆಗೆದು ಬೇರೆಯವರ ಕಂಪ್ಯೂಟರಿನ ಸಾಮಾನ್ಯ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಕನ್ನಡ ಕನ್ನಡವಾಗಿಯೇ ಕಂಡರೆ ಬರಹ ನಿಮ್ಮದು. ಹೊರಬರುವ ದಾರಿಯೇ ಇಲ್ಲದಿದ್ದರೆ, ಎಷ್ಟು ಚಂದವಿದ್ದರೂ ಆ ಆ್ಯಪು ಬೇಡ.

ಅಬ್ಸಿಡಿಯನ್ ಎಂಬುದು ಆಂಡ್ರಾಯ್ಡ್ ಮತ್ತು ಐಪ್ಯಾಡ್ ಎರಡರಲ್ಲಿಯೂ ದೊರೆಯುತ್ತದೆ, ಉಚಿತವಾದುದು, ಅಡಿಟಿಪ್ಪಣಿ, ಕೋಷ್ಟಕಗಳನ್ನು ಬಲ್ಲುದು, ಬರಹವನ್ನು ನಾವೇ ಆರಿಸಿದ ಕಡತಕೋಶದಲ್ಲಿ ಸಾದಾ ಫೈಲುಗಳಾಗಿಯೇ ಇಡುತ್ತದೆ. ಐಪ್ಯಾಡ್ ಉಳ್ಳವರಿಗೆ ಐಎ ರೈಟರ್ ಕೂಡ ಇದೆ. ಹಣ ಕೊಟ್ಟು ಕೊಳ್ಳಬೇಕು. ಇದೇ ಆ್ಯಪಿನ ಆಂಡ್ರಾಯ್ಡ್ ರೂಪದ ಬೆಳವಣಿಗೆಯನ್ನು ಅದರ ನಿರ್ಮಾಪಕರು 2024ರಲ್ಲಿ ನಿಲ್ಲಿಸಿದರು. ಆದರೂ ಅದರಲ್ಲಿ ಬರೆದ ಫೈಲುಗಳು ಸಾದಾ ಬರಹವಾದುದರಿಂದ ಬೇರೆ ಆ್ಯಪಿನಲ್ಲಿ ತೆರೆಯಲು ಅಡ್ಡಿಯಿಲ್ಲ. ನನ್ನ ಮಾತಿನ ಸಾರವೂ ಇಷ್ಟೇ.

ಪುಂಡೂರು ವೆಂಕಟರಾಜ ಪುಣಿಂಚತ್ತಾಯರು ತುಳುವಿನ ‘ಶ್ರೀ ಭಾಗವತೊ’ ಕಾವ್ಯವನ್ನು ತಾಳೆಗರಿಯಿಂದ ಬೆಳಕಿಗೆ ತಂದರು. ಗರಿ ಉಳಿದಿತ್ತು, ಅದರ ಲಿಪಿಯನ್ನು ಓದಬಲ್ಲವರೂ ಉಳಿದಿದ್ದರು. ಎರಡರಲ್ಲಿ ಒಂದಿಲ್ಲದಿದ್ದರೂ ಕಾವ್ಯವಿರುತ್ತಿರಲಿಲ್ಲ. ಫೈಲಿನ ಪಾಡೂ ಬೇರೆಯಲ್ಲ.

ಮಾಸ್ತರರು ನಾಲ್ಕೂ ಪರೀಕ್ಷೆಗಳನ್ನು ಮುಗಿಸಿ ಬರವಣಿಗೆ ಆರಂಭಿಸಿದ್ದಾರೆ. ಪ್ರತಿ ಸಂಕ್ರಮಣದ ದಿನ ಫೈಲಿನ ಒಂದು ಪ್ರತಿ ಮಗಳಿಗೆ ಹೋಗಬೇಕೆಂದೂ, ವರ್ಷಕ್ಕೊಮ್ಮೆ ಕಾಗದದ ಮೇಲೆ ಅಚ್ಚು ಮಾಡಿಸಬೇಕೆಂದೂ ನಿಶ್ಚಯಿಸಿದ್ದಾರೆ.

ವಾಚಕರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿಯೂ ಹಳೆಯ ಕಂಪ್ಯೂಟರಿನ ಕನ್ನಡ ಫೈಲುಗಳಿದ್ದರೆ ಈ ಭಾನುವಾರವೇ ತೆರೆದು ನೋಡಿರಿ. ಕೆಟ್ಟಿದ್ದರೆ ಪರಿವರ್ತಿಸಿ, ತಿದ್ದಿಸಿಕೊಳ್ಳಿರಿ — ಅದನ್ನು ಹೇಳಿದವರು, ಹಾಡಿದವರು ಜಗಲಿಯಲ್ಲಿ ಕುಳಿತಿರುವಾಗಲೇ.