ಎಸೆದವರೆಲ್ಲ ಕಲಿಸಬಲ್ಲರೇ?

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹ್ಯಾಮರ್ ಥ್ರೋ ಪದಕಗಳು ಮೂರೂ ಸೋವಿಯತ್ ಒಕ್ಕೂಟದ ಪಾಲಾದವು. ಚಿನ್ನ ಗೆದ್ದವನು 21ರ ಹರೆಯದ ಯೂರಿ ಸೆಡಿಖ್. ಕಂಚು ಗೆದ್ದವರು 36ರ ಅನತೋಲಿ ಬೊಂಡಾರ್ಚುಕ್; ಸೆಡಿಖ್‌ನ ಕೋಚ್ ಕೂಡ ಅವರೇ. ನಾಲ್ಕು ವರ್ಷ ಹಿಂದೆ ಮ್ಯೂನಿಕ್‌ನಲ್ಲಿ 75.50 ಮೀಟರ್ ಎಸೆದು ಚಿನ್ನ ಗೆದ್ದಿದ್ದ ಬೊಂಡಾರ್ಚುಕ್ ಈ ಸಲ 75.48 ಎಸೆದಿದ್ದರು. ವಯಸ್ಸು ಅವರಿಂದ ಕಿತ್ತುಕೊಂಡದ್ದು ಎರಡೇ ಸೆಂಟಿಮೀಟರ್. ಅಷ್ಟರಲ್ಲಿ ಶಿಷ್ಯ 77.52ಕ್ಕೆ ಹೋಗಿ ನಿಂತಿದ್ದ.

ಚಾಂಪಿಯನ್ ಆದವರೇ ಚಾಂಪಿಯನ್ನರನ್ನು ತಯಾರಿಸಬಲ್ಲರು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮಗುವನ್ನು ಮೈದಾನಕ್ಕೆ ಕಳಿಸುವ ಅಪ್ಪ ಅಮ್ಮನೂ, ಕೋಚ್‌ಗಳನ್ನು ನೇಮಿಸುವ ಅಧಿಕಾರಿಗಳೂ ಸಾಮಾನ್ಯವಾಗಿ ಮೊದಲು ಕೇಳುವುದು ‘ಅವರು ಯಾವ ಮೆಡಲ್ ಗೆದ್ದಿದ್ದಾರೆ?’ ಎಂದೇ.

ಐಸ್‌ಲ್ಯಾಂಡಿನ ವೆಸ್ಟೈನ್ ಹಾಫ್‌ಸ್ಟೈನ್ಸನ್ ಈ ಪ್ರಶ್ನೆಗೆ ಹೇಳಿಕೊಳ್ಳುವಂಥ ಉತ್ತರ ಕೊಡಲಾರರು. ಡಿಸ್ಕಸ್ ಎಸೆತಗಾರರಾಗಿ ಒಲಿಂಪಿಕ್ಸ್‌ನಲ್ಲಿ ಅವರು ಏರಿದ ಎತ್ತರ 1992ರ ಬಾರ್ಸಿಲೋನಾದ 11ನೇ ಸ್ಥಾನ. ಅದಕ್ಕೂ ಮೊದಲು, 1984ರಲ್ಲಿ, ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಅನರ್ಹರಾಗಿದ್ದರು. ಕೋಚ್ ಆದಮೇಲಿನ ಪಟ್ಟಿಯೇ ಬೇರೆ. ಎಸ್ಟೋನಿಯಾದ ಗೆರ್ಡ್ ಕಾಂಟರ್‌ಗೆ 2008ರ ಒಲಿಂಪಿಕ್ ಚಿನ್ನ; ಟೋಕಿಯೊದಲ್ಲಿ ಸ್ವೀಡನ್ನಿನ ಡೇನಿಯಲ್ ಸ್ಟಾಲ್‌ಗೆ ಚಿನ್ನ, ಅದೇ ಸ್ಪರ್ಧೆಯಲ್ಲಿ ಸೈಮನ್ ಪೆಟರ್ಸನ್‌ಗೆ ಬೆಳ್ಳಿ. ಒಬ್ಬ ಕೋಚ್‌ನ ಇಬ್ಬರು ಹುಡುಗರು ಒಂದೇ ಸಂಜೆ ಪದಕ ಪೀಠ ಏರಿದರು.

ಹಾಗಿದ್ದರೆ ಸೋತವರೇ ಒಳ್ಳೆಯ ಗುರುಗಳೇ? ಅದೂ ಸರಿಯಲ್ಲ, ಬೊಂಡಾರ್ಚುಕ್ ಗೆದ್ದವರು. ಎಸೆತಗಾರನ ಅನುಭವ ಎಂದರೆ ಏನು ಎಂಬುದನ್ನೇ ಸ್ವಲ್ಪ ಕೆದಕಿ ನೋಡಬೇಕು.

ಪುರುಷರ ಹ್ಯಾಮರ್ 7.26 ಕಿಲೋ. 2.135 ಮೀಟರ್ ವ್ಯಾಸದ ವೃತ್ತದೊಳಗೆ ಮೂರೋ ನಾಲ್ಕೋ ಸುತ್ತು ತಿರುಗಿ ಬಿಡುವಾಗ ಗುಂಡಿನ ವೇಗ ಗಂಟೆಗೆ ನೂರು ಕಿಲೋಮೀಟರ್ ದಾಟಿರುತ್ತದೆ. ಆ ಗಳಿಗೆಯಲ್ಲಿ ಎಸೆತಗಾರನ ಕೈಗಳನ್ನು ಅದು ಸುಮಾರು 300 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತದೆ. ಚೆನ್ನಾಗಿ ಎಸೆದವನ ಮೈಯಲ್ಲಿ ಉಳಿಯುವ ನೆನಪು ಈ ಎಳೆತದ್ದೇ. ಅವನು ಕೋಚ್ ಆಗಿ, ತನ್ನ ನೆನಪನ್ನೇ ನಂಬಿ, ‘ಎಳೆ, ಇನ್ನೂ ಜೋರಾಗಿ ಎಳೆ’ ಎಂದು ಕೂಗಿದರೆ ಹುಡುಗ ತೋಳು ಮಡಚಿ ಎಳೆಯುತ್ತಾನೆ. ಗುಂಡು ಸುತ್ತುವ ತ್ರಿಜ್ಯ ಕುಗ್ಗುತ್ತದೆ, ಎಸೆತ ಹತ್ತಿರದಲ್ಲೇ ಬೀಳುತ್ತದೆ. ವೇಗ ಬಂದದ್ದರಿಂದ ಎಳೆತ ಹುಟ್ಟಿತ್ತೇ ಹೊರತು ಎಳೆದದ್ದರಿಂದ ವೇಗ ಬಂದಿರಲಿಲ್ಲ. ಕೋಚ್ ಹೇಳಿದ್ದು ಸುಳ್ಳಲ್ಲ, ಅವನಿಗೆ ಹಾಗೇ ಅನಿಸಿತ್ತು. ಅನಿಸಿದ್ದಕ್ಕೂ ನಡೆದದ್ದಕ್ಕೂ ಇರುವ ಈ ಅಂತರವನ್ನು ಮಾಜಿ ಕ್ರೀಡಾಪಟು ಗುರುತಿಸದೆ ಹೋದರೆ, ಅವನ ಪದಕವೇ ಶಿಷ್ಯನಿಗೆ ಅಡ್ಡಿಯಾಗುತ್ತದೆ.

ಬೊಂಡಾರ್ಚುಕ್ ತಮ್ಮ ಮೈಯ ನೆನಪಿಗಿಂತ ಹೆಚ್ಚಾಗಿ ಅಳತೆಪಟ್ಟಿಯನ್ನು ನಂಬಿದರು. ಭಾರದ, ಹಗುರದ ಹ್ಯಾಮರ್‌ಗಳನ್ನು ಎಸೆಸುವುದು, ದೂರ ಅಳೆದು ಬರೆದಿಡುವುದು, ಒಂದೇ ಬಗೆಯ ತರಬೇತಿಗೆ ಯಾರ ಮೈ ಎಷ್ಟು ದಿನಕ್ಕೆ ಒಗ್ಗಿ ಉತ್ತುಂಗಕ್ಕೆ ಬರುತ್ತದೆ ಎಂದು ನೋಡುವುದು. ಇಬ್ಬರ ಲೆಕ್ಕ ಒಂದೇ ಆಗಿರುವುದಿಲ್ಲ ಎಂಬುದೇ ಅವರ ಪದ್ಧತಿಯ ತಿರುಳು. ಸೆಡಿಖ್ 1986ರಲ್ಲಿ ಎಸೆದ 86.74 ಮೀಟರ್ ಇವತ್ತಿಗೂ ವಿಶ್ವದಾಖಲೆ.

ಇಳಿವಯಸ್ಸಿನಲ್ಲಿ ಬೊಂಡಾರ್ಚುಕ್ ಕೆನಡಾದ ಕಾಮ್ಲೂಪ್ಸ್ ಎಂಬ ಊರಿಗೆ ಹೋಗಿ ನೆಲೆಸಿದರು. ಅಲ್ಲಿ ಅವರ ಕೈಗೆ ಸಿಕ್ಕವರು ಡಿಲನ್ ಆರ್ಮ್‌ಸ್ಟ್ರಾಂಗ್. ಬೀಜಿಂಗ್ ಒಲಿಂಪಿಕ್ಸ್‌ನ ಶಾಟ್‌ಪುಟ್‌ನಲ್ಲಿ ಆರ್ಮ್‌ಸ್ಟ್ರಾಂಗ್ ನಾಲ್ಕನೆಯವರಾದದ್ದು ಒಂದೇ ಸೆಂಟಿಮೀಟರ್ ಅಂತರದಲ್ಲಿ. ಮೂರನೆಯವನ ಮೋಸ ಬಯಲಾಗಿ ಕಂಚು ಇವರ ಕೈ ಸೇರಿದ್ದು 2015ರಲ್ಲಿ. ಅದೇ ಆರ್ಮ್‌ಸ್ಟ್ರಾಂಗ್ ಆಮೇಲೆ ಕೋಚ್ ಆದರು. ಅವರ ಶಿಷ್ಯ ಈಥನ್ ಕಾಟ್ಜ್‌ಬರ್ಗ್ 22ನೇ ವಯಸ್ಸಿನಲ್ಲಿ, ಪ್ಯಾರಿಸ್‌ನಲ್ಲಿ 84.12 ಮೀಟರ್ ಎಸೆದು ಒಲಿಂಪಿಕ್ ಚಿನ್ನ ಗೆದ್ದ. ಯಾವುದರಲ್ಲಿ? ಹ್ಯಾಮರ್‌ನಲ್ಲಿ! ಆರ್ಮ್‌ಸ್ಟ್ರಾಂಗ್ ಹದಿಹರೆಯದಲ್ಲಿ ಹ್ಯಾಮರ್ ಎಸೆದಿದ್ದರು ನಿಜ, ಆದರೆ ಹೆಸರು ಮಾಡಿದ್ದು ಶಾಟ್‌ಪುಟ್‌ನಲ್ಲಿ. ಗುರುವಿನಿಂದ ಶಿಷ್ಯನಿಗೆ, ಅವನಿಂದ ಇನ್ನೊಬ್ಬನಿಗೆ ದಾಟಿದ್ದು ಎಸೆತದ ಶೈಲಿಗಿಂತ ಹೆಚ್ಚಾಗಿ ನೋಡಿ ಲೆಕ್ಕ ಇಡುವ ಅಭ್ಯಾಸ.

ನೀರಜ್ ಚೋಪ್ರಾ ಕಥೆ ಈ ವಾದವನ್ನು ಇನ್ನಷ್ಟು ಗೋಜಲು ಮಾಡುತ್ತದೆ. ಹಳೆಯ ವಿನ್ಯಾಸದ ಜಾವೆಲಿನ್ನನ್ನು 104.80 ಮೀಟರ್ ಎಸೆದ ಉವೆ ಹಾನ್ ಕೆಲಕಾಲ ನೀರಜ್‌ಗೆ ಕೋಚ್ ಆಗಿದ್ದರು. ಟೋಕಿಯೊದ ಚಿನ್ನ ಬಂದಾಗ ಜೊತೆಗಿದ್ದವರು ಬಯೋಮೆಕ್ಯಾನಿಕ್ಸ್ ತಜ್ಞ ಕ್ಲಾಸ್ ಬಾರ್ಟೋನಿಯೆಟ್ಜ್. ಅಂದು ಬೆಳ್ಳಿ, ಕಂಚು ಗೆದ್ದ ಜೆಕ್ ದೇಶದ ಇಬ್ಬರೂ ಮೂರು ಒಲಿಂಪಿಕ್ ಚಿನ್ನಗಳ ಒಡೆಯ ಯಾನ್ ಝೆಲೆಜ್ನಿಯ ಶಿಷ್ಯರು. ವಿಜ್ಞಾನಿಯ ಶಿಷ್ಯ ಚಾಂಪಿಯನ್ನನ ಶಿಷ್ಯರನ್ನು ಸೋಲಿಸಿದ ಎನ್ನಬಹುದಿತ್ತು. ಆದರೆ ನೀರಜ್ ಮುಂದೆ ಅದೇ ಝೆಲೆಜ್ನಿಯನ್ನು ಕೋಚ್ ಮಾಡಿಕೊಂಡು 2025ರ ಮೇನಲ್ಲಿ ದೋಹಾದಲ್ಲಿ 90.23 ಮೀಟರ್ ಎಸೆದರು. ಒಬ್ಬರದು ಸೂತ್ರ, ಇನ್ನೊಬ್ಬರದು ತೋಳು ಎಂದು ಬೇರ್ಪಡಿಸುವುದೇ ತಪ್ಪೇನೋ. ಝೆಲೆಜ್ನಿ ಕೂಡ ತಮ್ಮ 98.48ರ ವಿಶ್ವದಾಖಲೆಯ ಎಸೆತವನ್ನು ಯಾರ ಮೈಗೂ ತೊಡಿಸಲಾರರು.

ಟೋಕಿಯೊ ಚಿನ್ನದ ಬೆನ್ನಲ್ಲೇ ಕರ್ನಾಟಕ ಸರ್ಕಾರ ಶಿರಸಿ ಮೂಲದ ಕಾಶಿನಾಥ ನಾಯ್ಕ್ ಅವರಿಗೆ, ನೀರಜ್‌ಗೆ ತರಬೇತಿ ಕೊಟ್ಟವರೆಂದು, 10 ಲಕ್ಷ ರೂಪಾಯಿ ಘೋಷಿಸಿತು. ಅಥ್ಲೆಟಿಕ್ಸ್ ಫೆಡರೇಷನ್ ಅದನ್ನು ಒಪ್ಪಲಿಲ್ಲ. ಪತ್ರಿಕೆಗಳಿಗೆ ಕೆಲದಿನ ಸುದ್ದಿಯಾಯಿತು. ಶಿಷ್ಯನ ಪದಕ ಯಾರ ಖಾತೆಗೆ ಎಂಬ ಆ ಜಗಳದಲ್ಲಿ ಮರೆಯಾದದ್ದು ಇನ್ನೊಂದು ಲೆಕ್ಕ. ನಾಯ್ಕ್ 2010ರ ದಿಲ್ಲಿ ಕಾಮನ್ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದದ್ದು 74.29 ಮೀಟರ್ ಎಸೆದು. ಪುಣೆಯಲ್ಲಿ ಅವರು ಪಳಗಿಸಿದ ಹಾಸನ ಜಿಲ್ಲೆಯ ಡಿ.ಪಿ. ಮನು 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 84.14 ಎಸೆದು ಆರನೆಯವರಾದರು. ಮನು ಬಳಿಕ ಉದ್ದೀಪನ ಮದ್ದಿನ ಕಾರಣಕ್ಕೆ ನಿಷೇಧಕ್ಕೊಳಗಾದದ್ದು ಆ ಸಂಖ್ಯೆಯ ಮೇಲೂ ನೆರಳು ಚೆಲ್ಲಿದೆ. ಹಾಗಾಗಿ ಕೋಚ್ ಹುದ್ದೆಗೆ ಅರ್ಜಿ ಹಾಕುವ ಮಾಜಿ ಎಸೆತಗಾರರಿಂದ ಇಲಾಖೆ ಪ್ರಮಾಣಪತ್ರದ ಜೊತೆಗೆ ಕೇಳಬೇಕಾದದ್ದು ಅವರ ಶಿಷ್ಯರ ಪುಸ್ತಕವನ್ನು: ಯಾರು, ಎಷ್ಟು ಮೀಟರಿನಿಂದ ಎಷ್ಟಕ್ಕೆ, ಎಷ್ಟು ಋತುಗಳಲ್ಲಿ, ಎಷ್ಟು ಗಾಯಗಳೊಂದಿಗೆ ಮತ್ತು ಎಷ್ಟು ಪರೀಕ್ಷೆಗಳಲ್ಲಿ ಪಾಸಾಗಿ.