ಓ, ಡಬ್ಬದ ಹಣ್ಣಾ?

ದೆಹಲಿಯಲ್ಲೋ ಪುಣೆಯಲ್ಲೋ ನೆಲೆಸಿದ ಕನ್ನಡದ ಮನೆಗೆ ಊಟಕ್ಕೆ ಬಂದವರು ಅನಾನಸ್ ಕೇಸರಿಬಾತನ್ನು ಎರಡನೇ ಸಲ ಬಡಿಸಿಕೊಂಡು ತಿನ್ನುತ್ತಾರೆ. ಘಮ ಚೆನ್ನಾಗಿದೆ, ತುಪ್ಪ ಹದವಾಗಿದೆ ಅನ್ನುತ್ತಾರೆ. ಇಷ್ಟು ಒಳ್ಳೆಯ ಹಣ್ಣು ಇಲ್ಲಿ ಎಲ್ಲಿ ಸಿಕ್ಕಿತು ಎಂದು ಕೇಳಿದಾಗ ಮನೆಯಾಕೆ ಅಡುಗೆಮನೆಯ ಕಪಾಟಿನತ್ತ ಕೈ ತೋರಿಸುತ್ತಾಳೆ. ಅಲ್ಲಿಗೆ ಧ್ವನಿ ಬದಲಾಗುತ್ತದೆ. ‘ಓ, ಡಬ್ಬದ ಹಣ್ಣಾ?’ ನಾಲಿಗೆ ಕೊಟ್ಟ ಬಹುಮಾನವನ್ನು ಕಿವಿ ವಾಪಸು ಕಿತ್ತುಕೊಂಡಂತೆ. ಮುಂದಿನ ಸಲ ಆಕೆ ಹಣ್ಣು ಎಲ್ಲಿಯದೆಂದು ಹೇಳುವುದಿಲ್ಲ, ಅಥವಾ ಕೇಸರಿಬಾತನ್ನೇ ಮಾಡುವುದಿಲ್ಲ.

ಆ ‘ಓ’ ಅನ್ಯಾಯದ್ದು. ಅದರ ಹಿಂದೆ ರುಚಿಯ ವಿವೇಚನೆಗಿಂತ ತಾಜಾತನದ ಬಗೆಗಿನ ಒಂದು ಭ್ರಮೆ ಕೆಲಸ ಮಾಡುತ್ತಿದೆ. ಅನಾನಸ್ ಎಂದರೆ ಮಾವು, ಬಾಳೆಯ ಹಾಗಲ್ಲ. ಗಿಡದಿಂದ ಕೊಯ್ದ ಮೇಲೆ ಸಿಪ್ಪೆ ಹಳದಿಯಾಗಬಹುದು, ತಿರುಳು ಮೆತ್ತಗಾಗಬಹುದು, ಆದರೆ ಸಿಹಿ ಹೆಚ್ಚುವುದಿಲ್ಲ. ಕೇರಳದ ವಾಳಕ್ಕುಳಂನಂಥ ಕಡೆಯಿಂದ ಲಾರಿಯಲ್ಲಿ 2,500 ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ದೆಹಲಿ ಸೇರಬೇಕಾದ ಹಣ್ಣನ್ನು ಹಸಿರಿರುವಾಗಲೇ ಕೊಯ್ಯಬೇಕು, ಇಲ್ಲದಿದ್ದರೆ ದಾರಿಯಲ್ಲೇ ಕೊಳೆಯುತ್ತದೆ. ತಳ್ಳುಗಾಡಿಯ ಮೇಲೆ ಮುಳ್ಳುಕಿರೀಟ ಹೊತ್ತು ಕೂತಿರುವ ಆ ‘ತಾಜಾ’ ಅನಾನಸ್ ಕೊಯ್ದ ದಿನ ಎಷ್ಟು ಸಿಹಿಯಿತ್ತೋ ಅಷ್ಟೇ ಸಿಹಿ. ಡಬ್ಬಕ್ಕೆ ಹೋಗುವ ಹಣ್ಣಿಗೆ ಈ ಅವಸರವಿಲ್ಲ. ತೋಟದ ಹತ್ತಿರವೇ ಕಾರ್ಖಾನೆಯಿದ್ದರೆ ಮಾಗುವವರೆಗೂ ಕಾಯಬಹುದು. ಚಿತ್ತೂರು, ಕೃಷ್ಣಗಿರಿ ಕಡೆಯ ಕಾರ್ಖಾನೆಗಳಲ್ಲಿ ತಿರುಳಾಗಿ ಡಬ್ಬ ಸೇರುವ ಮಾವಿನ ಕಥೆಯೂ ಹೀಗೆಯೇ. ಡಿಸೆಂಬರಿನ ಚಳಿಯಲ್ಲಿ ಮಾವಿನ ಶೀಕರಣೆ ಬೇಕೆನಿಸಿದರೆ ಬೇರೆ ದಾರಿಯೂ ಇಲ್ಲ.

ಇನ್ನೊಂದು ಆಕ್ಷೇಪ ‘ಕೆಮಿಕಲ್’ ಎಂಬುದು. ವರ್ಷಗಟ್ಟಲೆ ಕೆಡದ ಹಣ್ಣಿನಲ್ಲಿ ಏನೋ ಔಷಧಿ ಇರಲೇಬೇಕು ಎಂಬ ಅನುಮಾನ. ಹಣ್ಣನ್ನು ಕಾಯುವುದು ಔಷಧಿಯಲ್ಲ, ಬಿಸಿ ಮತ್ತು ಮುಚ್ಚಳ. ಗಾಳಿಯಾಡದಂತೆ ಮುಚ್ಚಿ ಬೇಯಿಸಿದರೆ ಆಹಾರ ಕೆಡುವುದಿಲ್ಲ ಎಂಬುದನ್ನು ಗಾಜಿನ ಬಾಟಲಿಗಳಲ್ಲಿ ಮಾಡಿ ತೋರಿಸಿದವನು ಫ್ರಾನ್ಸಿನ ಮಿಠಾಯಿಗಾರ ನಿಕೊಲಾ ಆಪೆರ್. 1810ರಲ್ಲಿ ಅಲ್ಲಿನ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಯಾಕೆ ಕೆಡುವುದಿಲ್ಲ ಎಂಬುದು ಅವನಿಗೂ ಗೊತ್ತಿರಲಿಲ್ಲ. ಅದನ್ನು ವಿವರಿಸಲು ಪಾಶ್ಚರ್ ಬರಬೇಕಾಯಿತು. ಹಣ್ಣಿನಲ್ಲಿ ಹುಳಿ ಇರುವುದರಿಂದ ಕುದಿಯುವ ನೀರಿನ ಬಿಸಿಯೇ ಸಾಕು. ಬೀನ್ಸ್, ಬಟಾಣಿಗೆ ಅದು ಸಾಲದು, ಒತ್ತಡದಲ್ಲಿ 121 ಡಿಗ್ರಿ ಬೇಕು. ಅನುಮಾನವಿದ್ದವರು ಲೇಬಲ್ ಓದಲಿ: ಹಣ್ಣು, ನೀರು, ಸಕ್ಕರೆ, ಹೆಚ್ಚೆಂದರೆ ಸಿಟ್ರಿಕ್ ಆಮ್ಲ. ದೂರುವುದಾದರೆ ಆ ಸಕ್ಕರೆಯನ್ನು ದೂರಬೇಕು. ಮಧುಮೇಹ ಇರುವವರಿಗೆ ಈ ಡಬ್ಬ ಹೇಳಿದ್ದಲ್ಲ, ಕೇಸರಿಬಾತೂ ಅಲ್ಲ.

ಕನ್ನಡಿಗರು ಡಬ್ಬಕ್ಕೆ ಮೂಗು ಮುರಿಯುವುದರಲ್ಲಿ ಒಂದು ತಮಾಷೆಯಿದೆ. ಮೂರು ವರ್ಷದ ಮಿಡಿ ಉಪ್ಪಿನಕಾಯಿ ಜಾಡಿಯನ್ನು ಹೆಮ್ಮೆಯಿಂದ ತೋರಿಸುವ ಜನ ಇವರು. ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು ಮಳೆಗಾಲದಲ್ಲಿ ತೆಗೆದು ಪಲ್ಯ ಮಾಡುವ, ಮಾವಿನ ರಸವನ್ನು ಬಿಸಿಲಲ್ಲಿ ಪದರಪದರವಾಗಿ ಒಣಗಿಸಿ ಮಾಂಬಳ ಮಾಡುವ ಕರಾವಳಿಯ ಮನೆಗಳಿಗೆ ಹಣ್ಣನ್ನು ಹಂಗಾಮಿನಾಚೆ ದಾಟಿಸುವುದು ಹೊಸ ವಿದ್ಯೆಯಲ್ಲ. ಆಹಾರ ಕೆಡದಂತೆ ಇಡುವುದನ್ನೂ ತಮ್ಮ ಅಧ್ಯಯನದಲ್ಲಿ ಸೇರಿಸಿಕೊಂಡ ಎರಡು ಸಂಸ್ಥೆಗಳು ಮೈಸೂರಿನಲ್ಲೇ ಇವೆ: 1950ರಲ್ಲಿ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಮತ್ತು ಸೈನಿಕರ ಊಟಕ್ಕೆಂದು 1961ರಲ್ಲಿ ಡಿಎಫ್‌ಆರ್‌ಎಲ್ ಎಂಬ ಹೆಸರಿನಲ್ಲಿ ಬಂದ ಪ್ರಯೋಗಾಲಯ. ಅಜ್ಜಿ ಜಾಡಿಯಲ್ಲಿಟ್ಟರೆ ಸಂಪ್ರದಾಯ, ಸೊಸೆ ಡಬ್ಬದಿಂದ ತೆಗೆದರೆ ಸೋಮಾರಿತನ. ಈ ಲೆಕ್ಕದಲ್ಲಿ ತೂಗುತ್ತಿರುವುದು ಹಣ್ಣನ್ನಲ್ಲ, ಸೊಸೆಯನ್ನು.

ಹಾಗೆ ನೋಡಿದರೆ ಕೇಸರಿಬಾತಿಗೆ ಮದುವೆಮನೆಯ ಅಡುಗೆಭಟ್ಟರು ಮಾಡುವುದೇನು? ಅನಾನಸ್ ಹೆಚ್ಚಿ, ಸಕ್ಕರೆ ಹಾಕಿ ಬೇಯಿಸಿ ಇಟ್ಟುಕೊಳ್ಳುತ್ತಾರೆ. ಡಬ್ಬದೊಳಗೆ ಇರುವುದೂ ಅದೇ. ಬಾಣಲೆಯಲ್ಲಿ ಹೇಗೂ ಹೋಗಲಿರುವ ತಾಜಾತನಕ್ಕಾಗಿ ಮುಳ್ಳು ಕೆತ್ತುತ್ತಾ ಕೂರಬೇಕಾಗಿಲ್ಲ. ಮಾಡುವಾಗ ನೆನಪಿಡಬೇಕಾದದ್ದು ಪಾಕದ ಲೆಕ್ಕ. ಒಂದು ಲೋಟ ರವೆಗೆ ಮೂರು ಲೋಟ ನೀರು ಹಾಕುವವರು ಒಂದು ಲೋಟ ಡಬ್ಬದ ಪಾಕ, ಎರಡು ಲೋಟ ನೀರು ಹಾಕಬೇಕು, ಒಂದೂವರೆ ಲೋಟ ಸಕ್ಕರೆಯನ್ನು ಒಂದಕ್ಕೆ ಇಳಿಸಬೇಕು. ಪಾಕದಲ್ಲಿ ನೆನೆದ ಹಣ್ಣಿಗೆ ಹುಳಿ ಕಡಿಮೆ. ಇಳಿಸುವ ಮುನ್ನ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅದು ಸರಿಹೋಗುತ್ತದೆ.

ಕೆಲವು ಕಡೆ ಡಬ್ಬದ ಹಣ್ಣೇ ಮೇಲು. ಹಸಿ ಅನಾನಸಿನಲ್ಲಿ ಬ್ರೋಮಲೈನ್ ಎಂಬ ಕಿಣ್ವವಿದೆ. ಅದು ಪ್ರೋಟೀನನ್ನು ಒಡೆಯುತ್ತದೆ. ಹಸಿ ಹೋಳನ್ನು ಮೊಸರಿಗೋ ಕೆನೆಗೋ ಬೆರೆಸಿ ಒಂದೆರಡು ಗಂಟೆ ಇಟ್ಟರೆ ಕಹಿಯಾಗುವುದು ಇದರಿಂದಲೇ. ಜೆಲಟಿನ್ ಹಾಕಿದ ಜೆಲ್ಲಿ ಗಟ್ಟಿಯಾಗದಿರುವುದೂ ಇದರಿಂದಲೇ. (ಚೈನಾ ಗ್ರಾಸ್ ಬಳಸುವ ಸಸ್ಯಾಹಾರಿ ಮನೆಗಳಿಗೆ ಈ ಎರಡನೆಯ ತಾಪತ್ರಯವಿಲ್ಲ.) ಡಬ್ಬ ಮಾಡುವಾಗಿನ ಬಿಸಿಗೆ ಕಿಣ್ವ ಸಾಯುತ್ತದೆ. ಫ್ರೂಟ್ ಸಲಾಡು, ಅನಾನಸ್ ರಾಯಿತ, ಕೆನೆಯ ಕೇಕು, ಯಾವುದಕ್ಕಾದರೂ ನಿಶ್ಚಿಂತೆಯಿಂದ ಹಾಕಬಹುದು.

ಓವನ್ ಇದ್ದವರಿಗೆ ತಲೆಕೆಳಗಿನ ಅನಾನಸ್ ಕೇಕು ಇದೆ. ಅದು ಡಬ್ಬದ ಹಣ್ಣಿನ ಜೊತೆಗೇ ಹೆಸರಾದ ತಿಂಡಿ. 1925ರಲ್ಲಿ ಹವಾಯಿಯ ಅನಾನಸ್ ಕಂಪನಿಯೊಂದು ಅಡುಗೆ ಸ್ಪರ್ಧೆ ನಡೆಸಿದಾಗ ಅಮೆರಿಕದ ಗೃಹಿಣಿಯರು ರಾಶಿರಾಶಿಯಾಗಿ ಬರೆದು ಕಳಿಸಿದ್ದು ಇದನ್ನೇ. ತಟ್ಟೆಯ ತಳಕ್ಕೆ ಬೆಣ್ಣೆ, ಅದರ ಮೇಲೆ ಕಂದು ಸಕ್ಕರೆ. ಪುಡಿ ಬೆಲ್ಲವಾದರೆ ಇನ್ನೂ ಚೆಂದ. ಮೇಲೆ ಹಣ್ಣಿನ ಬಳೆಗಳು, ಅದರ ಮೇಲೆ ಸಾಧಾರಣ ಕೇಕಿನ ಹಿಟ್ಟು. 180 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ. ಬಹಳ ಜನ ಸೋಲುವುದು ಒಂದೇ ಕಡೆ: ಹಣ್ಣನ್ನು ಸೋಸಿ, ಬಟ್ಟೆಯ ಮೇಲೆ ಹರಡಿ ಒರೆಸದೆ ಹಾಗೇ ಜೋಡಿಸುತ್ತಾರೆ, ಕೇಕಿನ ತಲೆ ಅಂಬಲಿಯಾಗುತ್ತದೆ. ಹೊರತೆಗೆದು ಹತ್ತು ನಿಮಿಷ ಬಿಟ್ಟು ಮಗುಚಬೇಕು. ಪೂರ್ತಿ ತಣಿಯುವವರೆಗೆ ಕಾದರೆ ಬೆಲ್ಲ ತಟ್ಟೆಯನ್ನು ಬಿಡುವುದಿಲ್ಲ.

ಡಬ್ಬ ತೆರೆದ ಮೇಲೆ ಉಳಿದ ಹಣ್ಣನ್ನು ಅದರಲ್ಲೇ ಫ್ರಿಜ್ಜಿಗೆ ಇಡುವ ಅಭ್ಯಾಸ ಮಾತ್ರ ಕೆಟ್ಟದ್ದು. ಗಾಳಿ ತಾಗಿದ ಮೇಲೆ ಹುಳಿ ಲೋಹವನ್ನು ಕರಗಿಸತೊಡಗುತ್ತದೆ, ಬಾಯಿಗೆ ತಗಡಿನ ರುಚಿ ಬರುತ್ತದೆ. ಗಾಜಿನ ಅಥವಾ ಸ್ಟೀಲಿನ ಪಾತ್ರೆಗೆ ಸುರಿದಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಬೇಕು. ಮುಚ್ಚಳ ಉಬ್ಬಿದ ಡಬ್ಬವನ್ನು ತೆರೆದೂ ನೋಡದೆ ಎಸೆಯಬೇಕು, ಎಷ್ಟೇ ದುಡ್ಡು ಕೊಟ್ಟಿದ್ದರೂ.

ಗೊಜ್ಜಿನ ವಿಷಯಕ್ಕೆ ಬಂದರೆ ಡಬ್ಬದ ವಕೀಲರೂ ಸೋಲೊಪ್ಪಬೇಕು. ಹುರಿದ ಎಳ್ಳು, ಒಣಮೆಣಸು, ಹುಣಸೆ, ಬೆಲ್ಲದ ನಡುವೆ ನಿಂತು ಎದುರಾಡಲು ಹುಳಿ ಬಿಡದ ಗಟ್ಟಿ ಹಣ್ಣೇ ಬೇಕು; ಪಾಕದಲ್ಲಿ ನೆನೆದ ಹೋಳು ಅಲ್ಲಿ ಬರೀ ಸಿಹಿಯಾಗಿ ಕೂತುಬಿಡುತ್ತದೆ. ಅದಕ್ಕೆ ತಳ್ಳುಗಾಡಿಯ ಆ ಅರೆಮಾಗಿದ ಅನಾನಸೇ ಸರಿ.